ಅಂಕಣ, ಸೋಗೆ, ಧರೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ಪ್ರದೇಶದ ಸಣ್ಣ ಮನೆಗಳ ಚರಿತ್ರೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಚರಿತ್ರೆಯನ್ನು ಬರೆದವರು ಸೋದೆಯ ಅರಸು ಮನೆತನ, ಮಠಗಳು, ಅಡಕೆ ಮತ್ತು ಮೆಣಸಿನ ವ್ಯಾಪಾರ ಹಾಗೂ ಸ್ವಾತಂತ್ರ್ಯ ಹೋರಾಟಗಳಿಗೆ ಹೆಚ್ಚಿನ ಗಮನ ನೀಡಿದ್ದಾರೆ. ಜನಸಾಮಾನ್ಯರ ವಾಸದ ಮನೆಗೆ ಆ ಬರಹಗಳಲ್ಲಿ ದೊರೆತಿರುವ ಸ್ಥಾನ ಅಲ್ಪವಾದುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುವ ಈ ನಾಡಿನಲ್ಲಿ ಮನೆಯ ಚರಿತ್ರೆಯೆಂದರೆ ಮಳೆಯೊಡನೆ ಮನುಷ್ಯ ಮಾಡಿಕೊಂಡ ಹೊಂದಾಣಿಕೆಯ ಚರಿತ್ರೆಯೇ ಆಗಿದೆ. ಆ ಹೊಂದಾಣಿಕೆಯು ಕಟ್ಟುವ ಸಾಮಗ್ರಿಯ ಮೇಲಿನ ಹಕ್ಕನ್ನು ಎಷ್ಟರಮಟ್ಟಿಗೆ ಅವಲಂಬಿಸಿತ್ತು ಎಂಬುದು ಇಲ್ಲಿ ವಿಚಾರಾರ್ಹ.

ಕನ್ನಡ ನಾಡಿನ ಇತರೆಡೆಗಳಲ್ಲಿರುವಂತೆ ಇಲ್ಲಿಯೂ ಮನೆಯ ಅಳತೆಯ ಮೂಲಮಾನ ಅಂಕಣ. ಕಂಬದಿಂದ ಕಂಬಕ್ಕೆ ಇರುವ ಅವಕಾಶವೇ ಒಂದು ಅಂಕಣ. ಕುಟುಂಬ ಬೆಳೆದಂತೆ ಅಂಕಣವನ್ನು ಸೇರಿಸಬಹುದಿತ್ತು. ಒಂದು ಭಾಗ ಶಿಥಿಲವಾದರೆ ಉಳಿದುದನ್ನು ಕೆಡವದೆ ಅದನ್ನಷ್ಟೇ ಮರಳಿ ಕಟ್ಟಬಹುದಿತ್ತು. ಮಾಡಿನ ಭಾರವನ್ನು ಕಂಬಗಳು ಹೊತ್ತಿದ್ದಲ್ಲಿ, ಮಳೆಗೆ ಮಣ್ಣಿನ ಗೋಡೆ ಕುಸಿದರೂ ಮಾಡು ನಿಲ್ಲುತ್ತಿತ್ತು. ಬಿದಿರಿನ ಗಳ, ಅಡಕೆ ಮರದ ದಬ್ಬೆ, ಕಾಡಿನ ಬಳ್ಳಿ ಇವುಗಳಿಂದ ಹೆಣೆದ ಮಾಡಿಗೆ ಅಡಕೆಯ ಸೋಗೆಯನ್ನೋ ಬೆಟ್ಟದ ಕರಡವನ್ನೋ ಹೊದಿಸಲಾಗುತ್ತಿತ್ತು. ಮಾಡಿನ ಇಳಿಜಾರು ಕಡಿದಾಗಿದ್ದು, ಸೂರು ಜಗಲಿಯನ್ನು ದಾಟಿ ಕೆಳಗೆ ಬಾಗಿರುತ್ತಿತ್ತು. ಮಳೆಗಾಲಕ್ಕೆ ಮುನ್ನ ಗೋಡೆಗೆ ಸೋಗೆಯ ತಟ್ಟಿ ಕಟ್ಟುವುದು ವಾಡಿಕೆ. ಒಲೆಯ ಹೊಗೆ ಮಾಡಿನ ಸಾಮಗ್ರಿಯನ್ನು ಹುಳುವಿನಿಂದ ಕಾಯುತ್ತಿತ್ತು. ಹೊದಿಕೆಯನ್ನು ಮತ್ತೆ ಮತ್ತೆ ಬದಲಿಸಬೇಕಾಗಿದ್ದುದರಿಂದ ಮುಯ್ಯಾಳಿನ ಪದ್ಧತಿಯೂ ಮನೆಯ ರಚನೆಯ ಒಂದು ಅಂಗವೇ ಆಗಿತ್ತು. ಬೆಂಕಿಯ ಭಯ ಮಾತ್ರ ಇಂಥ ಮನೆಗಳನ್ನು ಬಿಟ್ಟಿರಲಿಲ್ಲ.

ಈ ವ್ಯವಸ್ಥೆಗೆ ಕಾಡು ಆಧಾರವಾಗಿತ್ತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯು ಕಾಡಿನ ಬಳಕೆಯನ್ನು ಬಿಗಿಯಾದ ಕಟ್ಟಳೆಗೆ ಒಳಪಡಿಸಿತು. ಅಡಕೆ ತೋಟಿಗರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ದೊರೆಯಿತು; ಸಾಗುವಾನಿ, ಬೀಟೆ, ಶ್ರೀಗಂಧಗಳು ಸರ್ಕಾರದ ಒಡೆತನದಲ್ಲಿ ಉಳಿದವು. ಕುಮರಿ ಬೇಸಾಯವೂ ನಿರ್ಬಂಧಕ್ಕೊಳಗಾಯಿತು. 1930ರಲ್ಲಿ ಶಿರಸಿ, ಸಿದ್ದಾಪುರಗಳಲ್ಲಿ ನಡೆದ ಅರಣ್ಯ ಸತ್ಯಾಗ್ರಹವನ್ನು ರಾಷ್ಟ್ರೀಯ ಆಂದೋಲನದ ಭಾಗವೆಂದು ಮಾತ್ರ ಕಾಣದೆ, ಸೊಪ್ಪು, ಸೌದೆ, ಗಳಗಳ ನಿತ್ಯದ ಅಗತ್ಯದ ಹಿನ್ನೆಲೆಯಲ್ಲಿಯೂ ಅರಿಯಬೇಕಾಗುತ್ತದೆ.

ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ನಂತರ ಕ್ರಮೇಣ ಮಂಗಳೂರು ಹೆಂಚು ಘಟ್ಟವನ್ನೇರಿತು. ಬೆಂಕಿಯ ಭಯವೂ ಮತ್ತೆ ಮತ್ತೆ ಹೊದಿಸುವ ಶ್ರಮವೂ ತಗ್ಗಿದವು. ಆದರೆ ಹೆಂಚಿಗೆ ಕೊಯ್ದ ಪಕಾಸಿ, ರೀಪುಗಳು ಬೇಕು. ಅವುಗಳಿಗೆ ಹಣವೂ ಮರದ ಪರವಾನಗಿಯೂ ಬೇಕು. ಹೀಗಾಗಿ ಹೆಂಚು ಸುರಕ್ಷತೆಯ ಜೊತೆಗೆ ಅಂತಸ್ತಿನ ಗುರುತೂ ಆಯಿತು. ತೋಟವಿಲ್ಲದ ಕೂಲಿಕಾರರು, ಯಲ್ಲಾಪುರದ ಕಾಡಂಚಿನ ಸಿದ್ದಿಯರು, ಗೌಳಿಗರು, ಕುಣಬಿಯರು ಬಿದಿರ ತಟ್ಟಿಗೆ ಮಣ್ಣು ಮೆತ್ತಿದ ಗುಡಿಸಲುಗಳಲ್ಲಿಯೇ ಬಹುಕಾಲ ಉಳಿದರು. ಅವರ ಮನೆಗಳು ಸಣ್ಣವಾಗಿದ್ದುದಕ್ಕೆ ಬಡತನ ಕಾರಣವೇ ಹೊರತು ವಿನ್ಯಾಸದ ವಿವೇಕವಲ್ಲ. ಹಳೆಯ ಮನೆಗಳನ್ನು ಹೊಗಳುವಾಗ ಈ ಭೇದವನ್ನು ಮರೆಯಲಾಗದು.

1985ರಲ್ಲಿ ಇಂದಿರಾ ಆವಾಸ್ ಯೋಜನೆ, 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಆರಂಭವಾದವು. ಎರಡನೆಯದರಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್. ಸರ್ಕಾರದ ನೆರವು ಬಡವರಿಗೆ ಗಟ್ಟಿ ಗೋಡೆಯನ್ನು ಒದಗಿಸಿದ್ದು ಅಲ್ಲಗಳೆಯಲಾಗದ ಸಾಧನೆ. ಆದರೂ ಬಯಲುಸೀಮೆಗೆ ಒಪ್ಪುವ ಸಮತಟ್ಟಾದ ಕಾಂಕ್ರೀಟ್ ಚಾವಣಿ ಮಲೆನಾಡಿನಲ್ಲಿ ಸೋರುತ್ತದೆ. ಅದರ ಮೇಲೆ ತಗಡಿನದೋ ಹೆಂಚಿನದೋ ಇನ್ನೊಂದು ಮಾಡು ಕಟ್ಟಿಕೊಂಡ ಮನೆಗಳು ಈ ಭಾಗದಲ್ಲಿ ಸಾಮಾನ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಸ್ಥಾಪನೆಗೊಂಡ ‘ಅಸ್ತ್ರ’ ವಿಭಾಗವು ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಸ್ಥಳೀಯ ಮಣ್ಣನ್ನೂ ಹೊಸ ಶಾಸ್ತ್ರವನ್ನೂ ಕೂಡಿಸುವ ಇಂಥ ದಾರಿ ಅಂಕಣದ ಮನೆಗೆ ಹೊಂದುವಂಥದು.

ಸಾಮಗ್ರಿಯ ಪ್ರಶ್ನೆಗಿಂತ ಗಂಭೀರವಾದುದು ನೆಲೆಯ ಪ್ರಶ್ನೆ. ಕಣಿವೆಯ ತಳದಲ್ಲಿ ತೋಟ, ಅದರ ಮೇಲಂಚಿನಲ್ಲಿ ಮನೆ, ಬೆನ್ನಿಗೆ ಬೆಟ್ಟ, ಇದು ಈ ಸೀಮೆಯ ವಸತಿಯ ಕ್ರಮ. ಅಂಗಳ ಹಿಗ್ಗಿಸಲು ಗುಡ್ಡವನ್ನು ಕಡಿದಾಗ ಮನೆಯ ಹಿಂದೆ ಧರೆ ಏಳುತ್ತದೆ. ಚಿರೆಕಲ್ಲಿನ ಪದರದ ಮೂಲಕ ಇಳಿದ ನೀರು ಅಡಿಯ ಜೇಡಿಯನ್ನು ನೆನೆಸಿದಾಗ, ಬುಡದ ಆಸರೆ ತಪ್ಪಿದ ಧರೆ ಜಾರುತ್ತದೆ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಬಳಿಯ ಕಡವಾಡದಲ್ಲಿಯೂ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿಯೂ ಗುಡ್ಡ ಕುಸಿದು ಜೀವಹಾನಿಯಾಯಿತು. ಘಟ್ಟದ ಮೇಲೆಯೂ 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಭೂಕುಸಿತವು ತೋಟ, ರಸ್ತೆ, ಮನೆಗಳನ್ನು ಹಾಳುಗೆಡವಿತು. ನೆಲವೇ ಜಾರಿದಲ್ಲಿ ಸೋಗೆಯ ಮನೆಗೂ ಕಾಂಕ್ರೀಟಿನ ಮನೆಗೂ ವ್ಯತ್ಯಾಸ ಉಳಿಯದು.

ಆದುದರಿಂದ ಹಳೆಯ ಮನೆಯ ರೂಪವನ್ನಷ್ಟೇ ಅನುಕರಿಸುವುದು ಸಾಲದು. ಹಂತಹಂತವಾಗಿ ಬೆಳೆಯುವ ಅಂಕಣ, ಇಳಿಜಾರು ಮಾಡು, ಉದ್ದನೆಯ ಸೂರು ಇವು ಉಳಿಸಿಕೊಳ್ಳಬೇಕಾದ ಗುಣಗಳು. ಧರೆಯಿಂದ ದೂರ, ಮಳೆನೀರಿನ ಹರಿವಿಗೆ ಎಡೆಗೊಟ್ಟ ನೆಲೆ ಅವಕ್ಕಿಂತ ಮೊದಲಿನ ಅಗತ್ಯ. 2006ರ ಅರಣ್ಯ ಹಕ್ಕು ಕಾಯ್ದೆಯು ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸವನ್ನು ರುಜುವಾತುಪಡಿಸಬೇಕಾಗಿದೆ. ಹಕ್ಕುಪತ್ರವಿಲ್ಲದ ನೆಲದಲ್ಲಿ ಮನೆ ಕುಸಿದಾಗ ಕಳೆದುಹೋಗುವುದು ಗೋಡೆಯಷ್ಟೇ ಅಲ್ಲ, ಮರಳಿ ಕಟ್ಟುವ ಅವಕಾಶವೂ ಹೌದು. ಒಂದು ಕಾಲಕ್ಕೆ ಬೆಟ್ಟದ ಗಳವೂ ಊರಿನ ಮುಯ್ಯಾಳೂ ಕೂಡಿ ಕಾಯುತ್ತಿದ್ದ ಆ ಅವಕಾಶವನ್ನು ಸುರಕ್ಷಿತ ನೆಲದ ಹಕ್ಕಿನ ಮೂಲಕ ಮರಳಿ ಒದಗಿಸುವುದು ಈ ತಾಲೂಕುಗಳ ವಸತಿ ಚರಿತ್ರೆ ಮುಂದಿಡುವ ಕರ್ತವ್ಯವಾಗಿದೆ.