ವಾರ್ಡು ಗೆದ್ದವರು, ಮೇಯರ್ ಆದವರು

ಹೆಚ್ಚು ಸ್ಥಾನ ಗೆದ್ದ ಪಕ್ಷಕ್ಕೇ ಅಧಿಕಾರ ಎಂದು ನಾವು ಮಕ್ಕಳಿಗೆ ಪೌರನೀತಿಯಲ್ಲಿ ಹೇಳಿಕೊಡುತ್ತೇವೆ. 2015ರ ಬೆಂಗಳೂರಿನಲ್ಲಿ ನಡೆದದ್ದೇ ಬೇರೆ.

ಆ ವರ್ಷ ಆಗಸ್ಟ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಿಗೆ ಚುನಾವಣೆ ನಡೆಯಿತು. ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14 ವಾರ್ಡು ಗೆದ್ದವು. ಉಳಿದ 8 ಪಕ್ಷೇತರರು ಮತ್ತು ಇತರರ ಪಾಲಾದವು. 198ರಲ್ಲಿ 100 ಬಹುಮತವಲ್ಲವೇ ಎಂದು ನೀವು ಕೇಳಬಹುದು. ವಾರ್ಡಿನ ಲೆಕ್ಕಕ್ಕೆ ಹೌದು, ಮೇಯರ್ ಲೆಕ್ಕಕ್ಕೆ ಅಲ್ಲ. ಮೇಯರ್ ಆಯ್ಕೆಯಲ್ಲಿ ಕಾರ್ಪೊರೇಟರುಗಳ ಜೊತೆ ನಗರದ ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಗೂ ಮತವಿತ್ತು. ಎಲ್ಲ ಸೇರಿ 260 ಮತಗಳು! ಹೀಗಾಗಿ ಎಂಟು ಜನರ ಬೆಲೆ ಒಮ್ಮೆಲೇ ಏರಿತು. ಕಾಂಗ್ರೆಸ್ ಪಕ್ಷವು ಜೆಡಿಎಸ್ ಹಾಗೂ ಪಕ್ಷೇತರರನ್ನು ಕೂಡಿಸಿಕೊಂಡಿತು. ಸೆಪ್ಟೆಂಬರ್ 11ರಂದು ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ ಮೇಯರ್ ಆದರು, ಜೆಡಿಎಸ್‌ನ ಹೇಮಲತಾ ಗೋಪಾಲಯ್ಯ ಉಪಮೇಯರ್.

ಇದು ಕಾನೂನಿಗೆ ವಿರುದ್ಧವಲ್ಲ. ಆದರೂ ವಾರ್ಡಿನ ಮತದಾರ ಕೊಟ್ಟ ತೀರ್ಪನ್ನು ವಿಧಾನಸೌಧದ ಬಲಾಬಲ ತಿದ್ದಿತು ಎಂದೇ ನನ್ನ ಅಭಿಪ್ರಾಯ. 2019ರಲ್ಲಿ ಅದೇ ದಾರಿ ತಿರುಗುಮುರುಗಾಯಿತು. ಸಮ್ಮಿಶ್ರ ಸರ್ಕಾರ ಬಿತ್ತು, ಬೆಂಗಳೂರಿನ ಕೆಲವು ಶಾಸಕರು ಅನರ್ಹರಾದರು. ಅಕ್ಟೋಬರ್‌ನಲ್ಲಿ ಬಿಜೆಪಿಯ ಎಂ. ಗೌತಮ್ ಕುಮಾರ್ ಮೇಯರ್ ಆದರು. ಆ ಕಾರ್ಪೊರೇಟರುಗಳಲ್ಲಿ ಬಹುತೇಕರು 2015ರಲ್ಲೇ ಗೆದ್ದು ಬಂದವರು!

ಮೊಹಲ್ಲಾದ ಚರಂಡಿ, ಬೀದಿದೀಪ, ಖಬರಸ್ಥಾನದ ದಾರಿ ಇವುಗಳಿಗೆ ನಾವು ಮೊದಲು ಹುಡುಕಿಕೊಂಡು ಹೋಗುವುದು ಕಾರ್ಪೊರೇಟರನ್ನೇ. ಆ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಆಡಳಿತಾಧಿಕಾರಿ ಬಂದರು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನು ಐದಾಗಿ ಒಡೆಯುವವರೆಗೂ ಅಲ್ಲಿ ಮತ್ತೊಂದು ಚುನಾವಣೆ ನಡೆಯಲೇ ಇಲ್ಲ.