ಗೊಬ್ಬರ, ನೆಲ ಮತ್ತು ನೀರು: ನೆದರ್ಲೆಂಡ್ಸ್‌ನ ಫಾಸ್ಫೇಟ್ ಸಮಸ್ಯೆಯ ಚಾರಿತ್ರಿಕ ನೆಲೆ

ಕೃಷಿಚರಿತ್ರೆಯ ಅಧ್ಯಯನಗಳು ಗೊಬ್ಬರವನ್ನು ಹೆಚ್ಚಾಗಿ ಕೊರತೆಯ ವಸ್ತುವೆಂದೇ ಪರಿಗಣಿಸಿವೆ. ಅದೇ ಗೊಬ್ಬರ ಮಿತಿಮೀರಿ ಜಲಮೂಲಗಳನ್ನು ಕೆಡಿಸಿದ ಚರಿತ್ರೆಗೆ ನೆದರ್ಲೆಂಡ್ಸ್ ಸ್ಪಷ್ಟ ನಿದರ್ಶನವಾಗಿದೆ. ಆ ದೇಶದ ಪೂರ್ವ ಮತ್ತು ದಕ್ಷಿಣ ಭಾಗಗಳ ಮರಳುನೆಲ ಸಹಜವಾಗಿ ನಿಸ್ಸಾರವಾದುದು. ಅಲ್ಲಿನ ರೈತರು ಶತಮಾನಗಳ ಕಾಲ ಕುರುಚಲು ಬಯಲಿನಿಂದ ಮಣ್ಣಿನ ಹೆಂಟೆಗಳನ್ನು ಕಿತ್ತು ತಂದು ಕುರಿದೊಡ್ಡಿಗಳಲ್ಲಿ ಹಾಸಿ, ಹಿಕ್ಕೆಯೊಡನೆ ಬೆರೆತ ಆ ಮಣ್ಣನ್ನು ಹೊಲಗಳಿಗೆ ಹಾಕುತ್ತಿದ್ದರು. ಒಂದು ಹೊಲದ ಫಲವತ್ತತೆಗೆ ಅದರ ಹಲವು ಪಟ್ಟು ವಿಸ್ತಾರದ ಬಯಲು ಬೇಕಾಗುತ್ತಿತ್ತು. ಹೀಗಾಗಿ ಗೊಬ್ಬರದ ಪ್ರಮಾಣಕ್ಕೆ ಸ್ಥಳೀಯ ನೆಲವೇ ಮಿತಿಯಾಗಿತ್ತು.

ಎರಡನೆಯ ಮಹಾಯುದ್ಧದ ಅನಂತರ ಈ ಮಿತಿ ಉಳಿಯಲಿಲ್ಲ. ಸೋಯಾ, ಮರಗೆಣಸು ಮೊದಲಾದ ಪಶು ಆಹಾರವು ರಾಟರ್‌ಡ್ಯಾಮ್ ಬಂದರಿನ ಮೂಲಕ ಹೇರಳವಾಗಿ ಬರತೊಡಗಿತು. 1950ರಲ್ಲಿ ಸುಮಾರು 20 ಲಕ್ಷವಿದ್ದ ಹಂದಿಗಳ ಸಂಖ್ಯೆ 1980ರ ದಶಕದ ಉತ್ತರಾರ್ಧದಲ್ಲಿ 1.4 ಕೋಟಿಯನ್ನು ಮುಟ್ಟಿತು. ಅನ್ಯದೇಶಗಳ ನೆಲದ ಸಾರವಾದ ಫಾಸ್ಫರಸ್, ಅರ್ಥಾತ್ ರಂಜಕವು, ಗೊಬ್ಬರದ ರೂಪದಲ್ಲಿ ಇಲ್ಲಿನ ಹೊಲಗಳಲ್ಲಿ ಶೇಖರಗೊಂಡಿತು. ಅತಿಯಾದ ಗೊಬ್ಬರವನ್ನೂ ತಾಳಿಕೊಳ್ಳುವ ಮುಸುಕಿನ ಜೋಳದ ಹೊಲಗಳು ಅದನ್ನು ಸುರಿಯುವ ತಾಣಗಳಾದವು.

ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಂಯುಕ್ತಗಳು ಫಾಸ್ಫೇಟನ್ನು ಹಿಡಿದಿಡುವುದರಿಂದ ಇದರ ಪರಿಣಾಮ ಬಹುಕಾಲ ಗೋಚರಿಸಲಿಲ್ಲ. ಆದರೆ ಈ ಧಾರಣಶಕ್ತಿ ಅಪರಿಮಿತವಲ್ಲ. ಮೇಲುಪದರ ತುಂಬಿದಂತೆಲ್ಲ ಫಾಸ್ಫೇಟ್ ಕೆಳಗಿಳಿಯುತ್ತದೆ. ಚಳಿಗಾಲದಲ್ಲಿ ಅಂತರ್ಜಲ ಮೇಲೇರಿ ಆ ಪದರವನ್ನು ತಲುಪಿದಾಗ ಅದು ನೀರಿನಲ್ಲಿ ಕರಗಿ ಬಸಿಗಾಲುವೆಗಳ ಮೂಲಕ ಹಳ್ಳ, ಕೆರೆಗಳನ್ನು ಸೇರಿ ಪಾಚಿಯನ್ನು ಬೆಳೆಸುತ್ತದೆ. ಧಾರಣಶಕ್ತಿಯ ಶೇ. 25ರಷ್ಟನ್ನು ಮೀರಿದ ನೆಲವನ್ನು ಡಚ್ ಮಣ್ಣುವಿಜ್ಞಾನಿಗಳು ಫಾಸ್ಫೇಟ್‌ನಿಂದ ತುಂಬಿದ ನೆಲವೆಂದು ಗುರುತಿಸಿದರು.

ಸರ್ಕಾರವು 1984ರಲ್ಲಿ ಹಂದಿ ಮತ್ತು ಕೋಳಿ ಸಾಕಣೆಯ ವಿಸ್ತರಣೆಯನ್ನು ನಿರ್ಬಂಧಿಸಿತು. 1987ರ ನಿಯಮಗಳು ಹೆಕ್ಟೇರಿಗೆ ವಾರ್ಷಿಕವಾಗಿ ಇತರ ಬೆಳೆಭೂಮಿಗೆ 125, ಹುಲ್ಲುಗಾವಲಿಗೆ 250 ಹಾಗೂ ಮುಸುಕಿನ ಜೋಳಕ್ಕೆ 350 ಕಿಲೋಗ್ರಾಂ ಫಾಸ್ಫೇಟನ್ನು ಅನುಮತಿಸಿದವು. ಜೋಳದ ಬೆಳೆ ಹೀರಿಕೊಳ್ಳುವ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ ಎಂಬುದು ಗಮನಾರ್ಹ. ಅಂದರೆ ನಿಯಂತ್ರಣಕ್ಕೆಂದು ರೂಪುಗೊಂಡ ಕಾನೂನೇ ಶೇಖರಣೆಗೆ ಅವಕಾಶವಿತ್ತಿತು. ಮುಂದೆ ಈ ಮಿತಿಗಳನ್ನು ಹಂತಹಂತವಾಗಿ ತಗ್ಗಿಸಲಾಯಿತು. 1998ರಲ್ಲಿ ಕೃಷಿ ಘಟಕಗಳು ಪೋಷಕಾಂಶಗಳ ಜಮಾಖರ್ಚು ಒಪ್ಪಿಸುವ ಪದ್ಧತಿ ಬಂದಿತು. ಅದು ಯೂರೋಪಿನ ನೈಟ್ರೇಟ್ ನಿರ್ದೇಶನಕ್ಕೆ ಹೊಂದುವುದಿಲ್ಲವೆಂದು ಯೂರೋಪಿಯನ್ ನ್ಯಾಯಾಲಯ 2003ರಲ್ಲಿ ತೀರ್ಪಿತ್ತುದರಿಂದ, 2006ರಲ್ಲಿ ಬಳಕೆಯ ನೇರ ಮಿತಿಗಳು ಜಾರಿಗೆ ಬಂದವು. 2015ರಲ್ಲಿ ಹಾಲಿನ ಉತ್ಪಾದನಾ ಮಿತಿ ರದ್ದಾಗಿ ಹಸುಗಳ ಸಂಖ್ಯೆ ಏರಿದಾಗ, ದೇಶದ ಅಂದಿನ ವಾರ್ಷಿಕ ಫಾಸ್ಫೇಟ್ ಮಿತಿಯಾಗಿದ್ದ 17.29 ಕೋಟಿ ಕಿಲೋಗ್ರಾಂ ಮೀರಿತು. 2018ರಲ್ಲಿ ಹೈನುಗಾರರಿಗೆ ಫಾಸ್ಫೇಟ್ ಹಕ್ಕುಪದ್ಧತಿಯನ್ನು ವಿಧಿಸಲಾಯಿತು.

ಈ ಕಾನೂನುಗಳೆಲ್ಲ ಆಯಾ ವರ್ಷದ ಗೊಬ್ಬರವನ್ನು ಅಳೆದವು. ನೀರಿನ ಸ್ಥಿತಿಯನ್ನಾದರೋ ದಶಕಗಳ ಶೇಖರಣೆಯೇ ನಿರ್ಧರಿಸುತ್ತದೆ. ನಗರದ ಚರಂಡಿನೀರನ್ನು ಒಂದೆಡೆ ತಡೆದು ಶುದ್ಧೀಕರಿಸಬಹುದು. ಸಾವಿರಾರು ಹೊಲಗಳಿಂದ ಜಿನುಗುವ ನೀರಿಗೆ ಅಂತಹ ಒಂದು ತಡೆಯಿಲ್ಲ. ಗೊಬ್ಬರ ಹಾಕುವುದನ್ನು ಕಡಿಮೆ ಮಾಡಿದ ಮೇಲೂ ಹಳೆಯ ಫಾಸ್ಫೇಟ್ ಜಿನುಗುತ್ತಲೇ ಇರುತ್ತದೆ. ಆದುದರಿಂದ ಅಲ್ಲಿನ ಜಲಮಾಲಿನ್ಯವನ್ನು ಅರಿಯಲು ಇಂದಿನ ಗೊಬ್ಬರದ ಲೆಕ್ಕದೊಂದಿಗೆ ಆ ಹೊಲಗಳ ಅರ್ಧ ಶತಮಾನದ ಚರಿತ್ರೆಯನ್ನೂ ಪರಿಶೀಲಿಸುವುದು ಅನಿವಾರ್ಯವಾಗಿದೆ.