ಸುಣ್ಣದ ವಾಸನೆ

ಸುಣ್ಣದ ಕಲ್ಲಿಗೆ ನೀರು ಬಿದ್ದಾಗ ಒಂದು ಬಿಸಿ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿಯಿತೆಂದರೆ ನಮಗೆ ಗೊತ್ತಾಗುತ್ತಿತ್ತು, ಯಾರೋ ದೊಡ್ಡವರು ಬರುತ್ತಿದ್ದಾರೆ ಅಂತ. ನಮ್ಮಪ್ಪ ಒಂದು ಜಿಲ್ಲಾ ಜೈಲಿನಲ್ಲಿ ವಾರ್ಡರ್. ಊರಿನ ಹೆಸರು ಬೇಡ. ಜೈಲಿನ ಹಿಂಗೋಡೆಗೆ ಒತ್ತಿಕೊಂಡಂತೆ ನಮ್ಮ ಕ್ವಾರ್ಟರ್ಸು. ಗೋಡೆಯಾಚೆ ನಡೆಯುವುದೆಲ್ಲ ನಮಗೆ ತಿಳಿಯುತ್ತಿದ್ದುದು ಕಿವಿ, ಮೂಗುಗಳಿಂದಲೇ. ಬೆಳಗಿನ ಗಂಟೆ, ಮುದ್ದೆ ತೊಳಸುವ ಸದ್ದು, ಸಂಜೆಯ ಎಣಿಕೆ. ಎಣಿಕೆ ತಾಳೆಯಾಗದ ದಿನ ಅಪ್ಪನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಅಮ್ಮ ಬಾಗಿಲಲ್ಲಿ ಕೂತಿರುತ್ತಿದ್ದಳು.

ಕಲ್ಲನ್ನು ಹಿಂದಿನ ರಾತ್ರಿಯೇ ತೊಟ್ಟಿಯಲ್ಲಿ ನೆನೆಹಾಕುತ್ತಿದ್ದರು. ಬೆಳಗ್ಗೆ ಗೋಣಿಬಟ್ಟೆಯಲ್ಲಿ ಸೋಸಿ, ಚೂರು ನೀಲಿ ಬೆರೆಸಿ, ನಾರಿನ ಕುಂಚ ಹಿಡಿದು ಬಳಿಯುವವರು ಕೈದಿಗಳು. ನಿಂತು ಬಳಿಸುವವನು ಅಪ್ಪ. ಮನೆಗೆ ಬಂದಾಗ ಖಾಕಿಯ ತುಂಬ ಬಿಳಿ ಚುಕ್ಕೆ. ಕೈದಿಗಳ ಬೆರಳು ಸುಣ್ಣಕ್ಕೆ ಬಿರಿದಿವೆಯೆಂದು ಅಮ್ಮನ ಹತ್ತಿರ ಕೊಬ್ಬರಿ ಎಣ್ಣೆ ಇಸಿದುಕೊಂಡು ಹೋಗಿದ್ದೂ ಉಂಟು. ಮಾರನೆಯ ದಿನ ಜೀಪು ಬರುತ್ತಿತ್ತು. ಸರ್ಕಾರ ನೇಮಿಸಿದ ಸಂದರ್ಶಕರು ಒಂದು ಸುತ್ತು ಹಾಕಿ, ಜೈಲರ್ ಕೋಣೆಯಲ್ಲಿ ಕಾಫಿ ಕುಡಿದು, ವಿಸಿಟರ್ಸ್ ಬುಕ್ಕಿನಲ್ಲಿ ಎರಡು ಸಾಲು ಬರೆದು ಹೊರಡುವರು. ಸ್ವಚ್ಛತೆ ತೃಪ್ತಿಕರ, ಊಟ ಚೆನ್ನಾಗಿದೆ. ವರ್ಷಗಟ್ಟಲೆ ಅವೇ ಎರಡು ಸಾಲು, ಕೈಬರಹ ಮಾತ್ರ ಬೇರೆ.

ಒಬ್ಬ ಹೆಂಗಸು ಮಾತ್ರ ಹಾಗೆ ಮಾಡಲಿಲ್ಲವಂತೆ. ಗೋಡೆಯ ಕಡೆ ತಿರುಗಿಯೂ ನೋಡದೆ, ಜ್ವರ ಬಂದು ಮಲಗಿದ್ದವನ ಕಂಬಳಿ ಎತ್ತಿ ಮೂಸಿ ನೋಡಿದರು. ಆಮೇಲೆ ಬುಕ್ಕಿನಲ್ಲಿ ಅರ್ಧ ಪುಟ ಬರೆದರು. ಅಪ್ಪ ಇದನ್ನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ‘ಕಂಬಳಿ ಬಂತಾ?’ ಅಂತ ಕೇಳಿದರೆ, ‘ಬಂತು. ಆದರೆ ಮುಂದಿನ ಪಟ್ಟಿಯಲ್ಲಿ ಆಯಮ್ಮನ ಹೆಸರು ಇರಲಿಲ್ಲ’ ಅನ್ನುತ್ತಿದ್ದ.

ನಾನು ಓದಿ ಇತಿಹಾಸದ ಟೀಚರ್ ಆದ ಮೇಲೆ ಈ ಸುಣ್ಣದ ಬೇರು ಹುಡುಕಿಕೊಂಡು ಹೋದೆ. ಅದು ಸಿಕ್ಕಿದ್ದು ಇಂಗ್ಲೆಂಡಿನಲ್ಲಿ, 1774ರ ಒಂದು ಕಾನೂನಿನಲ್ಲಿ. ಜಾನ್ ಹೊವಾರ್ಡ್ ಎಂಬಾತ 1773ರಲ್ಲಿ ಬೆಡ್‌ಫರ್ಡ್‌ಷೈರಿನ ಶೆರಿಫ್ ಆದ. ಆ ಹುದ್ದೆಯ ದೊಡ್ಡವರು ಜೈಲಿನ ಒಳಗೆ ಕಾಲಿಡುವ ಪದ್ಧತಿ ಇರಲಿಲ್ಲ, ಈತ ಇಟ್ಟ. ತಪ್ಪಿಲ್ಲವೆಂದು ಕೋರ್ಟು ಬಿಟ್ಟವರೂ ಒಳಗೇ ಇದ್ದರು. ಯಾಕೆಂದರೆ ಜೈಲರನಿಗೆ ಸಂಬಳವಿರಲಿಲ್ಲ, ಕೈದಿಗಳಿಂದ ವಸೂಲು ಮಾಡುವ ಶುಲ್ಕವೇ ಅವನ ಅನ್ನ. ಶುಲ್ಕ ಕಟ್ಟದವನಿಗೆ ಬಾಗಿಲು ತೆಗೆಯುತ್ತಿರಲಿಲ್ಲ. ಜೈಲರನಿಗೆ ಸಂಬಳ ಕೊಡಿ ಎಂದು ಹೊವಾರ್ಡ್ ಕೇಳಿದಾಗ, ಬೇರೆಲ್ಲಾದರೂ ಹಾಗೆ ಕೊಟ್ಟಿದ್ದರೆ ತೋರಿಸು ಅಂದರು. ತೋರಿಸಲೆಂದು ಪಕ್ಕದ ಜಿಲ್ಲೆಗಳಿಗೆ ಹೊರಟವನಿಗೆ ಎಲ್ಲೂ ಅಂಥದ್ದು ಸಿಗಲಿಲ್ಲ. ಸಿಕ್ಕಿದ್ದು ಜೈಲುಜ್ವರ. ಗಲ್ಲಿಗಿಂತ ಹೆಚ್ಚು ಜನರನ್ನು ಅದೇ ತಿನ್ನುತ್ತಿತ್ತು.

1774ರ ಮಾರ್ಚ್ 4ರಂದು ಹೌಸ್ ಆಫ್ ಕಾಮನ್ಸ್ ಅವನನ್ನು ಕರೆಸಿ, ಕಂಡದ್ದನ್ನೆಲ್ಲ ಕೇಳಿ, ವಂದನೆ ಹೇಳಿತು. ಯಾರ ಖರ್ಚಿನಲ್ಲಿ ತಿರುಗುತ್ತಿದ್ದೀಯ ಎಂದು ಒಬ್ಬ ಸದಸ್ಯ ಕೇಳಿದನಂತೆ. ಸ್ವಂತ ಖರ್ಚು. ಇದನ್ನು ಅಪ್ಪನಿಗೆ ಹೇಳಿದಾಗ ಅವನು ತಲೆಯಾಡಿಸಿದ: ‘ಸ್ವಂತ ದುಡ್ಡಲ್ಲಿ ಬಂದೋನ್ನ ಕಾಫಿ ಕೊಟ್ಟು ಕಳಿಸೋಕಾಗಲ್ಲ.’

ಆ ವರ್ಷವೇ ಎರಡು ಕಾನೂನು ಬಂದವು. ಒಂದು, ಬಿಡುಗಡೆಯ ಶುಲ್ಕ ತೆಗೆದುಹಾಕಿತು. ಇನ್ನೊಂದು ನಮ್ಮ ಸುಣ್ಣದ್ದು: ಜೈಲಿನ ಗೋಡೆ, ಚಾವಣಿಗಳನ್ನು ವರ್ಷಕ್ಕೊಮ್ಮೆಯಾದರೂ ಕೆರೆದು ಸುಣ್ಣ ಹೊಡೆಯಬೇಕು. ಕಾಯಿಲೆಯವರಿಗೆ ಬೇರೆ ಕೋಣೆ, ಸ್ನಾನಕ್ಕೆ ಅನುಕೂಲ ಮಾಡಬೇಕು. ಇಷ್ಟನ್ನೂ ದೊಡ್ಡ ಅಕ್ಷರದಲ್ಲಿ ಹಲಗೆಯ ಮೇಲೆ ಬರೆಸಿ ಜೈಲಿನಲ್ಲಿ ತೂಗುಹಾಕಬೇಕು. ನನಗೆ ಹಿಡಿಸಿದ್ದು ಈ ಕೊನೆಯ ಮಾತು. ಸುಣ್ಣ ಜ್ವರಕ್ಕೆ ಮದ್ದು, ಹಲಗೆ ಸುಳ್ಳಿಗೆ ಮದ್ದು. ನಮ್ಮೂರಿನ ಜೈಲಿಗೆ ಬಂದು ಸೇರುವ ಹೊತ್ತಿಗೆ ಹಲಗೆ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು, ಸುಣ್ಣ ಮಾತ್ರ ಉಳಿದಿತ್ತು.

ನಮ್ಮಲ್ಲಿ ಜೈಲುಗಳನ್ನು ದಶಕಗಳ ಕಾಲ ನಡೆಸಿದ್ದು 1894ರ ಬಂದೀಖಾನೆ ಕಾಯ್ದೆ. ಸಂವಿಧಾನ ಬಂದ ಮೇಲೆ ಜೈಲು ರಾಜ್ಯಪಟ್ಟಿಯ ನಾಲ್ಕನೆಯ ನಮೂದಿಗೆ ಹೋಯಿತು. ಹೀಗಾಗಿ ಲೋಕಸಭೆಯಲ್ಲಿ ಜೈಲಿನ ಪ್ರಶ್ನೆ ಎದ್ದರೆ ಮಂತ್ರಿಗಳ ಉತ್ತರ ಸಾಮಾನ್ಯವಾಗಿ ಶುರುವಾಗುವುದೇ ‘ಇದು ರಾಜ್ಯಗಳ ವಿಷಯ’ ಎಂದು. ಆದರೂ ಸದನದಲ್ಲಿ ಕೇಳಿದ ಪ್ರಶ್ನೆಗೆ ಒಂದು ತೂಕವಿದೆ. ಉತ್ತರ ಅಚ್ಚಾಗುತ್ತದೆ, ವಿಸಿಟರ್ಸ್ ಬುಕ್ಕಿನ ಹಾಗೆ ಬೀರುವಿನಲ್ಲಿ ಕೂರುವುದಿಲ್ಲ. ಬ್ರಿಟಿಷರ ಕಾಲದಲ್ಲೂ ಹಾಗೆಯೇ. 1929ರಲ್ಲಿ ಲಾಹೋರಿನ ಜೈಲಿನಲ್ಲಿ ಕ್ರಾಂತಿಕಾರಿ ಜತೀನ್ ದಾಸ್ 63 ದಿನ ಉಪವಾಸ ಮಾಡಿ ಸೆಪ್ಟೆಂಬರ್ 13ರಂದು ತೀರಿಕೊಂಡಾಗ, ಕೇಂದ್ರ ಶಾಸನಸಭೆಯಲ್ಲಿ ಜಿನ್ನಾ, ಮೋತಿಲಾಲ್ ನೆಹರೂ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು. ಅಷ್ಟೂ ಮಾತು ಕಡತದಲ್ಲಿದೆ. ಪರದೇಶಿ ಸರ್ಕಾರ ಅಷ್ಟಕ್ಕಾದರೂ ಜಾಗ ಬಿಟ್ಟಿತ್ತು ಎಂದು ಬರೆಯುವಾಗ ನನಗೆ ಮುಜುಗರವೇ ಆಗುತ್ತದೆ, ಯಾಕೆಂದರೆ ಮುಂದೆ ಹೇಳಬೇಕಾದದ್ದು ನಮ್ಮದೇ ಸರ್ಕಾರದ ಕತೆ, ಅದೂ ನಮ್ಮ ಬೆಂಗಳೂರಿನದು.

1975ರ ಜೂನ್ ಕೊನೆಯ ವಾರ. ಪಕ್ಷಾಂತರ ತಡೆಯುವ ಮಸೂದೆಯನ್ನು ಪರಿಶೀಲಿಸುತ್ತಿದ್ದ ಜಂಟಿ ಸಂಸದೀಯ ಸಮಿತಿಯ ಸಭೆಗೆಂದು ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಬೆಂಗಳೂರಿಗೆ ಬಂದಿದ್ದರು. ಶಾಸಕರ ಭವನದಲ್ಲಿ ವಾಸ. 26ರ ಬೆಳಗ್ಗೆ ತುರ್ತುಪರಿಸ್ಥಿತಿಯ ಸುದ್ದಿಯ ಬೆನ್ನಿಗೇ ಪೊಲೀಸರು ಬಂದರು. ಸಮಿತಿಯ ಕಡತ ಕಂಕುಳಲ್ಲಿಟ್ಟುಕೊಂಡು ಬಂದವರು ಸೆಂಟ್ರಲ್ ಜೈಲಿನ ಗೇಟ್ ರಿಜಿಸ್ಟರಿನಲ್ಲಿ ಸೇರಿಹೋದರು. (ಆ ಪಕ್ಷಾಂತರದ ಕಾನೂನು ಕೊನೆಗೆ ಬಂದದ್ದು 1985ರಲ್ಲಿ.) ಅಡ್ವಾಣಿ ಜೈಲಿನಲ್ಲಿ ದಿನಚರಿ ಬರೆದರು, ವಾಜಪೇಯಿ ಪದ್ಯ ಬರೆದರು.

ವಿಚಾರಣೆಯಿಲ್ಲದೆ ಒಳಗಿಡಲು ಬಿಡುವ ಮೀಸಾ ಕಾಯ್ದೆಯನ್ನು ಹೇಗೆ ತಿದ್ದಿದರೆಂದರೆ, ಹಿಡಿದದ್ದು ಯಾಕೆಂದು ಸಿಕ್ಕಿಬಿದ್ದವನಿಗೂ ಹೇಳಬೇಕಾಗಿಲ್ಲ, ನ್ಯಾಯಾಲಯಕ್ಕೂ ತೋರಿಸಬೇಕಾಗಿಲ್ಲ. ಜುಲೈ 21ಕ್ಕೆ ಸಂಸತ್ತು ಸೇರಿತು, ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟಿತು. ಮಂತ್ರಿಗಳ ಹೇಳಿಕೆ ಪತ್ರಿಕೆಗಳಲ್ಲಿ ಬರುತ್ತಿತ್ತು, ವಿರೋಧ ಪಕ್ಷದವರ ಮಾತು ಸೆನ್ಸಾರಿನ ಕತ್ತರಿಗೆ ಹೋಗುತ್ತಿತ್ತು. ಸಂಸತ್ತಿನ ಕಲಾಪವನ್ನು ಇದ್ದದ್ದು ಇದ್ದ ಹಾಗೆ ವರದಿ ಮಾಡಿದರೆ ಪತ್ರಿಕೆಯ ಮೇಲೆ ಮೊಕದ್ದಮೆ ಹೂಡುವಂತಿಲ್ಲವೆಂದು 1956ರಲ್ಲಿ ಒಂದು ಕಾನೂನಾಗಿತ್ತು. ಫಿರೋಜ್ ಗಾಂಧಿ ಖಾಸಗಿ ಸದಸ್ಯರಾಗಿ ಮಂಡಿಸಿ ಗೆಲ್ಲಿಸಿದ್ದು ಅದು. ಇಂದಿರಾ ಗಾಂಧಿಯವರ ಸರ್ಕಾರ 1975ರ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆ ತಂದು ಅದನ್ನೂ ರದ್ದುಮಾಡಿತು. ಗಂಡ ಕಟ್ಟಿದ ಹಲಗೆಯನ್ನು ಹೆಂಡತಿ ಇಳಿಸಿದ ಹಾಗೆ.

1976ರ ಮೇ 2ರಂದು ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ‘ಸಂಸ್ಕಾರ’ ಸಿನಿಮಾ ನೋಡಿದವರಿಗೆ ಚಂದ್ರಿಯಾಗಿದ್ದ ಇವರ ಮುಖ ಮರೆಯುವಂಥದ್ದಲ್ಲ. ಸ್ಫೋಟಕ್ಕೆ ಸಂಚು ಹೂಡಿದರೆಂಬ ಬರೋಡಾ ಡೈನಮೈಟ್ ಮೊಕದ್ದಮೆ ಎಂದರು. ಆರೋಪಪಟ್ಟಿಯಲ್ಲಿ ಹೆಸರೇ ಬರಲಿಲ್ಲ, ಆದರೂ ಮೀಸಾ ಇತ್ತಲ್ಲ, ಬಿಡಲಿಲ್ಲ. ಆಸ್ತಮಾ ಇದ್ದ ಹೆಂಗಸನ್ನು ಇದೇ ಸೆಂಟ್ರಲ್ ಜೈಲಿನಲ್ಲಿ ಒಂಟಿ ಸೆಲ್ಲಿಗೆ ಹಾಕಿ ಎಂಟು ತಿಂಗಳು ಇಟ್ಟರು. ರಾತ್ರಿಯ ಮೌನದಲ್ಲಿ ಆಕೆಯ ಕೂಗು ತಮಗೆ ಕೇಳಿಸುತ್ತಿತ್ತೆಂದು ಮಧು ದಂಡವತೆ ಮುಂದೆ ಬರೆದರು.

ಈ ಸಾಲನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಎದ್ದುಹೋಗಿದ್ದೆ. ದಂಡವತೆ ರಾಜಾಪುರದಿಂದ ಗೆದ್ದ ಲೋಕಸಭಾ ಸದಸ್ಯರು. ಹೊರಗಿದ್ದಿದ್ದರೆ ಒಂದು ಪ್ರಶ್ನೆ ಬರೆದು ಕೊಡಬಹುದಿತ್ತು: ಬೆಂಗಳೂರಿನ ಜೈಲಿನಲ್ಲಿ ಉಸಿರಾಟದ ಕಾಯಿಲೆಯ ಮಹಿಳೆಯೊಬ್ಬರನ್ನು ಒಂಟಿಯಾಗಿ ಇಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಕೇಳುವ ಹಕ್ಕಿದ್ದವರು ಕೂಗು ಕೇಳಿಸುವಷ್ಟು ಹತ್ತಿರದಲ್ಲಿದ್ದರು, ಆದರೆ ಅವರೂ ಕಂಬಿಯ ಹಿಂದೆಯೇ ಇದ್ದರು. 1977ರ ಜನವರಿ 15ರಂದು ಸ್ನೇಹಲತಾ ಅವರನ್ನು ಪೆರೋಲಿನ ಮೇಲೆ ಬಿಟ್ಟರು. 18ಕ್ಕೆ ಚುನಾವಣೆ ಘೋಷಣೆಯಾಯಿತು. 20ಕ್ಕೆ ಅವರು ತೀರಿಕೊಂಡರು.

ಸರ್ಕಾರ ಬದಲಾಯಿತು. ಫಿರೋಜ್ ಗಾಂಧಿಯವರ ಕಾನೂನು ಅದೇ ವರ್ಷ ಮರಳಿ ಬಂತು. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ನ್ಯಾಯಮೂರ್ತಿ ಜೆ.ಸಿ. ಷಾ ಆಯೋಗ ಮೂರು ವರದಿ ಕೊಟ್ಟಿತು. 1978ರ ಆಗಸ್ಟಿನ ಮೂರನೆಯದರಲ್ಲಿ ಜೈಲುಗಳ ಸ್ಥಿತಿಯೂ ಇತ್ತು. ವರದಿಗಳು ಸಂಸತ್ತಿನ ಮುಂದೆ ಬಂದವು, ಇನ್ನೇನು ಬೇಕು ಅನ್ನಿಸಬಹುದು. ಆದರೆ 1980ರಲ್ಲಿ ಇಂದಿರಾ ಗಾಂಧಿ ಮರಳಿ ಬಂದ ಮೇಲೆ ಆ ವರದಿಯ ಪ್ರತಿ ಸಿಗುವುದೇ ಅಪರೂಪವಾಯಿತು. ತಮಿಳುನಾಡಿನ ಹಿರಿಯ ಸಂಸದರಾಗಿದ್ದ ಇರಾ ಸೆಳಿಯನ್ ತಮ್ಮ ಹತ್ತಿರ ಉಳಿದಿದ್ದ ಪ್ರತಿಯಿಂದ ಅದನ್ನು 2010ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಮೂವತ್ತು ವರ್ಷ ಮನೆಯಲ್ಲಿ ಕಾಗದ ಇಟ್ಟುಕೊಳ್ಳುವ ಜನರ ಬಗ್ಗೆ ಮನೆಯವರು ಏನೇ ಅನ್ನಲಿ, ನನಗೆ ಗೌರವ.

2023ರ ಸೆಪ್ಟೆಂಬರಿನಲ್ಲಿ ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ ಜೈಲುಗಳ ಬಗ್ಗೆಯೇ ಒಂದು ವರದಿ ಕೊಟ್ಟಿತು. ನೂರು ಜನರ ಜಾಗದಲ್ಲಿ ದೇಶದ ಜೈಲುಗಳು ಆಗ 130 ಜನರನ್ನು ತುಂಬಿಕೊಂಡಿದ್ದವು. ಅಪ್ಪ ಇದ್ದಿದ್ದರೆ, ‘ನೂರಮೂವತ್ತಾ? ಅಷ್ಟೇನಾ?’ ಅನ್ನುತ್ತಿದ್ದ.

ಬೆಂಗಳೂರಿನ ಆ ಜೈಲು ಪರಪ್ಪನ ಅಗ್ರಹಾರಕ್ಕೆ ಹೋಗಿ, ಹಳೆಯದು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಅದಾಗಿ ಎರಡು ಮೂರು ವರ್ಷಕ್ಕೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಕಾವಲು ಗೋಪುರವನ್ನು ಮೆಚ್ಚಿಕೊಂಡ. ಗಲ್ಲಿನ ಜಾಗದ ಹತ್ತಿರ ಚಪ್ಪಲಿ ಬಿಟ್ಟ, ಯಾಕೆಂದು ನಾನು ಕೇಳಲಿಲ್ಲ. ಸೆಲ್ಲುಗಳ ಸಾಲಿನಲ್ಲಿ ಕಾಲೇಜು ಹುಡುಗರು ಕಂಬಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಒಂದು ಸೆಲ್ಲಿನೊಳಗೆ ಹೋಗಿ, ಹೆಬ್ಬೆರಳ ಉಗುರಿನಿಂದ ಗೋಡೆಯನ್ನು ಕೆರೆದು, ಬೆರಳನ್ನು ಮೂಗಿನ ಹತ್ತಿರ ಹಿಡಿದ.

‘ಸುಣ್ಣ ಅಲ್ಲ ಕಣಮ್ಮ, ಪೇಂಟು’ ಅಂದ. ‘ಇದು ಹೊಡೆದಿದ್ರೆ ನಿಂಗೆ ಅಲ್ಲಿ ಕ್ವಾರ್ಟರ್ಸಲ್ಲಿ ಗೊತ್ತೇ ಆಗ್ತಿರಲಿಲ್ಲ.’